ಕಾರು ನನ್ನ ಹೆಸರಿಲೆ, ಹೆಗಲು ಅವರದು

ಹಳೇ ಕಾರು ಇಟ್ಕೊಂಡವರ ಮನ್ಯಾಗ ನಗೆಗೆ ಬರ ಅನ್ನೋದು ಇರಂಗಿಲ್ಲ ನೋಡ್ರಿ. ನಾವು ಬ್ಯಾಡಂದ್ರೂ ಅದು ವಾರಕ್ಕೊಂದು ಫಜೀತಿ ತಂದು ಬಾಗಿಲ ಮುಂದ ನಿಲ್ಲಿಸ್ತೈತಿ. ಆ ಹೊತ್ತಿಗೆ ಅಳು ಬರ್ತೈತಿ, ಮರುದಿನ ಸ್ಟಾಫ್ ರೂಮಿನಾಗ ಹೇಳೋಮುಂದ ನನಗ ನಗು ತಡಿಯಾಕ ಆಗಂಗಿಲ್ಲ.

ನಾನು ಮಸ್ಕಿಯೊಳಗ ಹೈಸ್ಕೂಲ್ ಟೀಚರು. ಮನಿ ಸಿಂಧನೂರು. ನಮ್ಮ ಮನಿಯವರದು ಅಲ್ಲೇ ಗೊಬ್ಬರದ ಅಂಗಡಿ. ದಿನಾ ಬಸ್ಸಿನಾಗ ಕಂಬಿ ಹಿಡಕೊಂಡು ನಿಂತು ನಿಂತು ಸಾಕಾಗಿ, ರಾಯಚೂರಿನ ಒಬ್ಬ ವಯಸ್ಸಾದ ಡಾಕ್ಟರ್ ಹತ್ರ ಒಂದು ಸಣ್ಣ ಹಳೇ ಕಾರು ತಗೊಂಡೆ. ಒಂದು ಕಾಲಕ್ಕ ಅದು ಕೆಂಪು ಇತ್ತಂತ. ಈಗ ಬಿಸಿಲಿಗೆ ಬೆಂದು ಉಳ್ಳಾಗಡ್ಡಿ ಸಿಪ್ಪಿ ಬಣ್ಣಕ್ಕ ಬಂದೈತಿ. ಬರ್ಲಿ ಬಿಡ್ರಿ. ಹೊಲ ಮಾವನವರ ಹೆಸರಿಲೆ, ಮನಿ ಯಜಮಾನರ ಹೆಸರಿಲೆ, ಗ್ಯಾಸ್ ಸಿಲಿಂಡರ್ ಸೈತ ಅವರ ಹೆಸರಿಲೆ. ನನ್ನ ಹೆಸರಿಲೆ ಇರೋದು ಇದೊಂದ ಕಾರು. ಅದಕ್ಕ ಅದರ ಮ್ಯಾಲ ನನಗ ಜೀವ.

ನಮ್ಮ ಮನಿಯವರಿಗೆ ಕಾರು ಹೊಡ್ಯಾಕ ಬರಂಗಿಲ್ಲ. ತಳ್ಳಾಕ ಬರ್ತೈತಿ, ಅದನ್ನ ಈ ಕಾರೇ ಅವರಿಗೆ ಕಲಿಸೈತಿ. ಒಂದಿನ ಸಿಂಧನೂರು ಬಸ್ ಸ್ಟ್ಯಾಂಡ್ ಮುಂದ, ಊರ ಮಂದಿ ಎಲ್ಲಾ ನೋಡಾಕತ್ತಾಗ ತಳ್ಳಿ, ಬೆವರಿಲೆ ತೊಯ್ಸಿಕೊಂಡು ಬಂದು ಬಾಜೂಕ ಕುಂತವ್ರು ಹೇಳಿದ್ರು:

"ಕೇಳಿಲ್ಲಿ. ಇನ್ನೊಮ್ಮೆ ನನ್ನ ಕಡೆ ಇದನ್ನ ತಳ್ಳಿಸಿದಿ ಅಂದ್ರ ಮಾರೇಬಿಡ್ತೀನಿ."

"ಹೆಂಗ ಮಾರ್ತೀರಿ? ಕಾರು ನನ್ನ ಹೆಸರಿಲೆ ಐತಿ."

"ಹೆಸರು ನಿಂದು, ಹೆಗಲು ನಂದು!"

ನಾನೂ ಒಪ್ಪಿದೆ. ಇನ್ನೊಮ್ಮೆ ಅವರು ತಳ್ಳಂಗಾತು ಅಂದ್ರ ಕಾರು ಮಾರೋದು. ಅವತ್ತಿನಿಂದ ಅದು ನಡುರೋಡಿನಾಗ ನಿಂದ್ರದಂಗ ನೋಡಿಕೊಳ್ಳೋದು ನನ್ನ ಎರಡನೇ ನೌಕರಿ ಆತು. ನನಗ ಆಸರಾದವರು ಅಂದ್ರ ಗ್ಯಾರೇಜಿನ ಮಿಸ್ತ್ರಿ ಚಾಚಾ. ಅವರ ಬಾಯಾಗ ಇರೋದು ಒಂದ ಮಾತು: "ಮಾಮೂಲಿ ಐತಿ ಟೀಚರಮ್ಮಾ." ಬಾನೆಟ್ ಒಳಗಿಂದ ಹೊಗಿ ಎದ್ರೂ ಮಾಮೂಲಿ, ಚಕ್ರ ಕಳಚಿ ಮುಂದ ಓಡಿದ್ರೂ ಮಾಮೂಲಿ.

ಮಬ್ಬಾದ ಲೈಟು

ಪೂಜಿ ವಿಷಯದಾಗ ನಮ್ಮ ಮನಿಯವರ ಕೈ ಭಾಳ ದೊಡ್ಡದು. ದಸರಾದಾಗ ಖಂಡೇಪೂಜಿ, ಅಂದ್ರ ಆಯುಧಪೂಜಿ ದಿನ ಅಂಗಡಿ ತಕ್ಕಡಿಗೆ, ಗಲ್ಲಾಕ್ಕ ಹಚ್ಚಿ ಉಳಿದ ವಿಭೂತಿ ಎಲ್ಲಾ ನೀರಾಗ ಗಟ್ಟಿಗೆ ಕಲಸಿಕೊಂಡು ಬಂದು, ಕಾರಿನ ಎರಡೂ ಮುಂದಿನ ಲೈಟಿಗೆ ಮೂರು ಬೆರಳಿಲೆ ಅಡ್ಡಡ್ಡ ಎಳದ್ರು. ನಡುವ ದಪ್ಪನ ಕುಂಕುಮದ ಬೊಟ್ಟು. "ಶಿವನೇ, ಈ ವರ್ಷ ತಳ್ಳೋದು ತಪ್ಪಿಸಪ್ಪ" ಅಂತ ಸಣ್ಣ ದನಿಲೆ ಬೇಡಿಕೊಂಡಿದ್ದೂ ನನಗ ಕೇಳಿಸ್ತು.

ಮುಂದ ಲೈಟು ಮಬ್ಬಾದವು. ಸಂಜಿಮುಂದ ಮಸ್ಕಿಯಿಂದ ಬರಾಕ ರೋಡೇ ಕಾಣವಲ್ದು. ಚಾಚಾನ ಹತ್ರ ಒಯ್ದೆ. "ಮಾಮೂಲಿ ಐತಿ" ಅಂದು ಬ್ಯಾಟರಿ ಬದಲಿ ಮಾಡಿದ್ರು. ಮಬ್ಬು ಹಂಗೇ ಉಳೀತು. ಬಲ್ಬು ಬದಲಿ ಮಾಡಿದ್ರು, ಆಗಲಿಲ್ಲ. ಕಡೀಕ ವೈರ್ ಎಲ್ಲಾ ಕಿತ್ತು ಹೊಸಾವು ಹಾಕಿದ್ರು, ಆದ್ರೂ ಅಷ್ಟ. ಒಂದು ಸಂಜಿ ನಮ್ಮ ಮನಿಯವರು ಕಿಟಕಿಯಿಂದ ಕೈ ಹೊರಗ ಹಾಕಿ, ಮೊಬೈಲ್ ಟಾರ್ಚ್ ಹಿಡಕೊಂಡು ಕುಂತ್ರು. ಎದುರಿಗೆ ಬಂದ ಬೈಕಿನವ ಗಾಡಿ ನಿಲ್ಲಿಸಿ ಕೇಳಿದ:

"ಯಾಕ್ರಿ ಅಣ್ಣಾರ, ಏನು ಹುಡುಕಾಕತ್ತೀರಿ?"

"ರೋಡ್ ಹುಡುಕಾಕತ್ತೀವಪ್ಪ, ಎಲ್ಲ್ಯಾರ ಕಂಡ್ರ ಹೇಳು" ಅಂದ್ರು ಇವರು.

ಮರುದಿನ ಮಧ್ಯಾಹ್ನ ಒಂದು ಅಡ್ಡಮಳಿ ಹೊಡೀತು ನೋಡ್ರಿ, ಸಂಜಿಗೆ ಲೈಟು ಹಚ್ಚಿದ್ರ ರೋಡ್ ತುಂಬ ಬೆಳಕು! ಗಟ್ಟಿಯಾಗಿ ಕುಂತಿದ್ದ ವಿಭೂತಿ ಕುಂಕುಮ ಎಲ್ಲಾ ತೊಳಕೊಂಡು ಹೋಗಿತ್ತು. ಮನಿಗೆ ಬಂದು ಇವರನ್ನ ಕೇಳಿದೆ, "ಅಲ್ರಿ, ಗ್ಲಾಸ್ ಮ್ಯಾಲ ಅಷ್ಟು ದಪ್ಪ ವಿಭೂತಿ ಇತ್ತಲ್ಲ, ನಿಮಗ ಕಾಣಲಿಲ್ಲೇನು?" ಅಂತ.

"ಕಂಡಿತ್ತು. ಹಚ್ಚಿದ ಕೈಲೆ ಹೆಂಗ ಅಳಿಸ್ಲಿ?"

ನನಗೂ ಕಂಡಿತ್ತು. ಅಳಿಸಿದ್ರ ಇವರು ಬೈತಾರಂತ ಸುಮ್ನಿದ್ದೆ. ಚಾಚಾನ್ನ ಕೇಳಿದೆ. ಅವರೂ ಕಂಡಿತ್ತು ಅಂದ್ರು. "ನಿಮ್ಮ ದೇವರದ್ದು, ನಾ ಹೆಂಗ ಮುಟ್ಲಿ ಟೀಚರಮ್ಮಾ? ಅದನ್ನ ಬಿಟ್ಟು ಮಿಕ್ಕಿದ್ದೆಲ್ಲಾ ಬದಲಿ ಮಾಡೀನಿ ನೋಡ್ರಿ."

"ಕಡೀಕ ಮಳಿ ರಿಪೇರಿ ಮಾಡ್ತು ಬಿಡ್ರಿ ಚಾಚಾ" ಅಂದೆ.

ಚಾಚಾನ ಮುಖ ಸಪ್ಪಗಾತು. "ಮಳಿ ಏನು ಮಾಡ್ತೈತ್ರಿ? ನಾ ಹಾಕಿದ ವೈರು ಸೆಟ್ ಆಗಾಕ ಟೈಮ್ ತಗೊಂಡೈತಿ."

ಡಿಕ್ಕಿಯೊಳಗ ಬೆಳಿ

ವಳಕಮದಿನ್ನಿ ನನ್ನ ತವರು. ಕಾಲುವಿ ನೀರಿನ ಊರು, ಎಲ್ಲಿ ನೋಡಿದ್ರೂ ನೆಲ್ಲು, ಅಂದ್ರ ಭತ್ತದ ಗದ್ದಿ. ಮುಂಗಾರಿನಾಗ ಒಂದ್ಸಲ ಹೋದಾಗ ನನ್ನ ತಮ್ಮ ಬೀಜದ ನೆಲ್ಲಿನ ಚೀಲ ತಂದು ಡಿಕ್ಕಿಯೊಳಗ ಹಾಕಿ, "ಅಕ್ಕಾ, ಹೋಗೋಮುಂದ ಮುಕ್ಕುಂದದಾಗ ನಮ್ಮ ಮಾವಗ ಇಳಿಸಿ ಹೋಗು" ಅಂದ. ಇಳಿಸಿ ಬಂದೆ. ಚೀಲದ ಮೂಲ್ಯಾಗ ತೂತು ಇದ್ದದ್ದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಡಿಕ್ಕಿ ರಬ್ಬರ್ ಹರಿದು ಮಳಿ ನೀರು ಒಳಗ ಇಳಿತಿತ್ತು, ಅದು ಮಾತ್ರ ನನಗ ಗೊತ್ತಿತ್ತು. ಸ್ಟೆಪ್ನಿ ಚಲೋ ಇತ್ತು, ಹಿಂಗಾಗಿ ಡಿಕ್ಕಿ ತೆಗಿಯೋ ಪ್ರಸಂಗ ಬರಲಿಲ್ಲ.

ಆಮ್ಯಾಲೆ ಕಾರಿನೊಳಗ ಒಂದು ವಾಸನಿ ಶುರುವಾತು. ಗದ್ದಿ ಬದುವಿನ ಮ್ಯಾಲ ನಿಂತಂಗ ಹಸೀ ಹಸೀ ವಾಸನಿ. ಇಲಿ ಗಿಲಿ ಸತ್ತೈತಿ ಅನ್ಕೊಂಡು ಚಾಚಾನ ಹತ್ರ ಒಯ್ದೆ. ಚಾಚಾ ಡಿಕ್ಕಿ ತೆಗೆದ್ರು. ಒಂದು ಗಳಿಗಿ ನೋಡಿದ್ರು. ಮೆತ್ತಗ ಮುಚ್ಚಿದ್ರು. ಮತ್ತ ತೆಗೆದ್ರು.

ಒಳಗ ಬೆರಳುದ್ದ ನೆಲ್ಲಿನ ಸಸಿ ಒತ್ತೊತ್ತಾಗಿ ಎದ್ದು ನಿಂತಿದ್ದವು. ಸ್ಟೆಪ್ನಿ ಸುತ್ತ, ಜಾಕ್ ಸುತ್ತ, ಹಾಸಿದ ಗೋಣಿತಾಟಿನ ಉದ್ದಕ್ಕೂ.

"ಮಾಮೂಲಿ ಏನ್ರಿ ಚಾಚಾ?" ಅಂದೆ.

"ಇಲ್ಲವ್ವಾ" ಅಂದ್ರು ಚಾಚಾ. ಅವರ ಬಾಯಿಂದ ಆ ಮಾತು ನಾ ಕೇಳಿದ್ದು ಅವತ್ತೇ. "ಇದು ನನ್ನ ಕೈಯಾಗಿಂದಲ್ಲ. ಕೃಷಿ ಆಫೀಸಿನವ್ರಿಗೆ ತೋರಿಸ್ರಿ."

ಕಾರನ್ನ ಸೀದಾ ಗೊಬ್ಬರದ ಅಂಗಡಿಗೆ ತಂದು ನಿಲ್ಲಿಸಿದೆ. ಇವರು ನೋಡಿ ಬೈತಾರ, ಇದೇ ನೆಪ ಮಾಡ್ಕೊಂಡು ಮಾರ್ತೀನಂತಾರ ಅನ್ಕೊಂಡೇ ಡಿಕ್ಕಿ ತೆಗೆದೆ. ಇವರು ಚಷ್ಮಾ ಏರಿಸಿಕೊಂಡು ಬಗ್ಗಿದ್ರು. ಒಂದು ಸಸಿ ಹಿಡಿದು, ಎಲಿ ತಿರುವಿ ನೋಡಿದ್ರು. ಗಿರಾಕಿಗೆ ಹೇಳೋ ದನಿಲೆ ಅಂದ್ರು:

"ಹಳದಿ ಬಿದ್ದೈತಿ. ಬಿಸಿಲು ಸಾಲದು. ಡಿಕ್ಕಿ ತೆರೆದಿಟ್ಟು ಒಂದೀಟು ಯೂರಿಯಾ ಉಗ್ಗಿದ್ರ ಸುಧಾರಿಸ್ತೈತಿ."

ಫೋನ್ ಮಾಡಿದ್ರ ನನ್ನ ತಮ್ಮ ಬೈಕ್ ಹತ್ತಿ ಓಡಿ ಬಂದ. ಆ ವರ್ಷ ಅವನ ಸಸಿ ಮಡಿ ಅರ್ಧಕ್ಕರ್ಧ ಹುಟ್ಟೇ ಇರಲಿಲ್ಲಂತ. ನಮ್ಮ ಡಿಕ್ಕಿಯೊಳಗಿನ ಸಸಿ ನೋಡಿ ಅವನ ಕಣ್ಣರಳಿದ್ವು. ಬುಡಸಮೇತ ಎತ್ತಿ, ಕಟ್ಟು ಕಟ್ಟಿ, ಬೈಕಿನ ಹಿಂದ ಹೇರಿಕೊಂಡ. ಹೋಗೋಮುಂದ ಭಾಳ ನಯವಾಗಿ ಕೇಳಿದ:

"ಅಕ್ಕಾ, ಬ್ಯಾಸಿಗಿ ಬೆಳಿಗೂ ಕೊಡ್ತೀಯೇನು ಡಿಕ್ಕಿ?"

ಹಿಂದಕ್ಕ ಹೋಗೋ ಮಂಗಳಾರತಿ

ಒಂದ್ಸಲ ನಾ ಕಾರು ಹಿಂದಕ್ಕ ತಗೊಳ್ಳೋಮುಂದ ಅಂಗಡಿ ಮುಂದಿನ ಗೊಬ್ಬರದ ಚೀಲಕ್ಕ ಗುದ್ದಿದೆ. "ಹಿಂದಕ್ಕ ಬರೋಮುಂದ ಸಪ್ಪಳ ಆಗೋದೇನರ ಹಾಕಸು" ಅಂದ್ರು ಇವರು. ಚಾಚಾ ತಮ್ಮ ಹಳೇ ಸಾಮಾನಿನ ಡಬ್ಬಿಯೊಳಗ ಕೈಯಾಡಿಸಿ ಒಂದು ರಿವರ್ಸ್ ಹಾರ್ನ್ ತೆಗೆದ್ರು. ಯಾವ ಗಾಡಿದೋ ಏನೋ. ಗ್ಯಾರೇಜಿನ ಗದ್ದಲದಾಗ ಅದರ ಸಪ್ಪಳ ನನಗ ಸರಿಯಾಗಿ ಕೇಳಿಸಲಿಲ್ಲ.

ಮುಂದಿನ ಸೋಮವಾರ ಸೂಟಿ ಇತ್ತು. ಲಿಂಗಸುಗೂರಿನ ಒಂದು ಮಠಕ್ಕ ಇಬ್ಬರೂ ಹೋದ್ವಿ. ದರ್ಶನ ಮುಗಿಸಿ, ಅಂಗಳದಾಗ ನಿಲ್ಲಿಸಿದ್ದ ಕಾರು ಹತ್ತಿ ರಿವರ್ಸ್ ಗೇರ್ ಹಾಕಿದೆ. ಡಣ್ ಡಣ್ ಡಣ್ ಅಂತ ಗಂಟಿ, ಅದರ ಹಿಂದ ನಗಾರಿ! ನಿಜವಾದ ಮಂಗಳಾರತಿನೂ ಅಷ್ಟು ಜೋರಾಗಿ ಆಗಂಗಿಲ್ಲ. ಗಾಬರಿಯಾಗಿ ಗೇರ್ ತೆಗೀಬೇಕಂದ್ರ ಅದು ಹಿಡಕೊಂಡು ಬಿಡ್ತು, ಅದರ ಜೋಡಿ ಎಂಜಿನ್ನೂ ಬಂದಾತು. ಗಂಟಿ ಮಾತ್ರ ಬಂದಾಗಲಿಲ್ಲ.

ಒಳಗ ಕುಂತಿದ್ದ ಭಕ್ತರೆಲ್ಲಾ ಎದ್ದು ಹೊರಗ ಬಂದ್ರು. ಹೆಣ್ಮಕ್ಕಳು ಸೆರಗು ಹೊದ್ಕೊಂಡ್ರು. ಒಬ್ಬ ಹಿರಿಯರು ನಮ್ಮ ಕಾರಿನ ಹಿಂದ ಕೈಮುಗಿದು, ಕಣ್ಣು ಮುಚ್ಚಿ ನಿಂತ್ರು. ಒಬ್ಬಾಕಿ ಮುದುಕಿ ಡಿಕ್ಕಿ ಮ್ಯಾಲ ಒಂದು ಹೂವಿಟ್ಟು, ಕಿಟಕಿ ಹತ್ರ ಬಂದು ನಮ್ಮ ಮನಿಯವರ ಮುಂದ ಕೈಯೊಡ್ಡಿದ್ಲು.

"ಏನಬೇ?" ಅಂದ್ರು ಇವರು.

"ಪರಸಾದ ಕೊಡಪ್ಪಾ."

ಇವರು ತಮಗಂತ ಇಟ್ಕೊಂಡಿದ್ದ ಬಾಳಿಹಣ್ಣು ತೆಗೆದು ಕೊಟ್ಟುಬಿಟ್ರು.

ಅಷ್ಟೊತ್ತಿಗೆ ನಾ ಜಗ್ಗಾಡಿ ಗೇರ್ ತೆಗೆದಿದ್ದೆ, ಗಂಟಿ ನಿಂತಿತ್ತು. ಆದ್ರ ಎಂಜಿನ್ ಏಳವಲ್ದು. ಇವರು ನನ್ನ ಕಡೆ ನೋಡಿ ಬಾಗಿಲಿಗೆ ಕೈ ಹಾಕಿದ್ರು. ಮುಗೀತು, ಇವರು ಇಳಿದು ತಳ್ಳಿದ್ರ ನನ್ನ ಕಾರು ಹೋತು ಅಂತ ಮತ್ತೊಮ್ಮೆ ಚಾವಿ ತಿರುವಿದೆ. ಆದ್ರ ಇವರು ಇಳಿಯೋದ್ರೊಳಗ ಕೈಮುಗಿದು ನಿಂತವರೆಲ್ಲಾ "ಹರಹರ ಮಹಾದೇವ" ಅಂತ ಒಮ್ಮೆಲೇ ಕೈ ಹಚ್ಚಿಬಿಟ್ರು. ಎಂಥಾ ಚಂದ ತಳ್ಳಿದ್ರಂತೀರಿ! ಮಠದ ಅಗಸಿ ದಾಟೋದ್ರೊಳಗ ಎಂಜಿನ್ ಶುರುವಾತು. ನನಗ ಖುಷಿಗೆ ಕಣ್ಣಾಗ ನೀರು ಬಂತು.

ಹಿಂದಿಂದ ಆ ಮುದುಕಿ ಕೂಗಿದ್ದು ಕೇಳಿಸ್ತು: "ಮುಂದಿನ ಸೋಮಾರ ಎಷ್ಟೊತ್ತಿಗೆ ಬರ್ತೈತ್ರೆಪಾ ಇದು?"

ಮಸ್ಕಿ ಸರ್ಕಲ್ಲಿನ ಪ್ರದಕ್ಷಿಣಿ

ದೇವರು ಎಷ್ಟು ಸಲ ಕಾಯ್ತಾನ ಹೇಳ್ರಿ. ಲಿಂಗಸುಗೂರಿನಾಗ ಒಂದು ಮದುವಿ ಇತ್ತು. ಇವರು ಹೊಸಾ ಬಿಳಿ ಧೋತರ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮಸ್ಕಿ ಸರ್ಕಲ್ ಹತ್ರ ಬರೋದೇ ತಡ, ಕಾರು ಕೆಮ್ಮಿ ನಿಂತಿತು. ಇವರು ನನ್ನ ಮುಖ ನೋಡಿದ್ರು, ನಾ ಸ್ಟೇರಿಂಗ್ ನೋಡಿದೆ. ಎದುರಿಗೆ ಚಹಾ ಹೋಟೆಲಿನಾಗ ಮಂದಿ ತುಂಬಿತ್ತು. ಕೈ ಹಚ್ಚಾಕ ಒಬ್ಬರೂ ಏಳಲಿಲ್ಲ, ಬಾಯಿ ಹಚ್ಚಾಕ ಎಲ್ಲಾರೂ ತಯಾರಿದ್ರು. "ಎರಡನೇ ಗೇರ್ ಹಾಕ್ರಿ ಅಕ್ಕಾರ!" "ಸಾವ್ಕಾರ, ಬಗ್ಗಿ ತಳ್ರಿ, ಇಲ್ಲಾಂದ್ರ ನಡಾ ಹಿಡೀತೈತಿ!"

ಇವರು ಧೋತರ ಎತ್ತಿಕಟ್ಟಿ ಹಿಂದ ಹೋಗಿ ತಳ್ಳಿದ್ರು. ಸೈಲೆನ್ಸರ್ ಢಂ ಅಂತು. ಒಂದು ಬುಟ್ಟಿ ಕರಿ ಹೊಗಿ ಇವರ ಮ್ಯಾಲ ಬಂತು, ಎಂಜಿನ್ ಎದ್ದಿತು. ನಿಲ್ಲಿಸಬೇಕಂದ್ರ ನನಗ ಹೆದರಿಕಿ, ನಿಂತ್ರ ಮತ್ತ ಬಂದಾಗ್ತೈತಿ. ಅದಕ್ಕ ಸರ್ಕಲ್ ಸುತ್ತಾಕ ಹತ್ತಿದೆ.

"ನಿಲ್ಲಸ ಅಂದ್ರ!" ಅಂತ ಇವರು ಒಂದು ಕೈಲೆ ಧೋತರ ಹಿಡಕೊಂಡು ಹಿಂದ ಓಡಾಕತ್ರು.

"ನಿಲ್ಲಸಂಗಿಲ್ರಿ! ಓಡಿ ಬಂದು ಹತ್ರಿ!"

ಹೋಟೆಲಿನ ಮಂದಿ ಚಹಾ ಬಿಟ್ಟು ಎದ್ದು ನಿಂತ್ರು. ಕೆಲವರು ಇವರ ಕಡೆ, ಕೆಲವರು ಕಾರಿನ ಕಡೆ. "ಭಲೇ ಸಾವ್ಕಾರ! ಬಿಡಬ್ಯಾಡ್ರಿ!" ಅಂತ ಸಿಳ್ಳಿ ಹೊಡದ್ರು. ಕಡೀಕ ಇವರು ಹಿಂದಿನ ಬಾಗಿಲು ತೆಗೆದು, ಸೀಟಿನ ಮ್ಯಾಲ ಬೋರಲು ಬಿದ್ರು.

ಮದುವಿ ಮನಿ ಬಾಗಿಲಾಗ ಇಳಿದ್ವಿ. ಇವರ ಮೈಕೈ, ಧೋತರ ಎಲ್ಲಾ ಮಸಿ, ಮೈತುಂಬ ಬೆವರು. ಹೆಣ್ಣಿನ ಕಡೆಯ ಹಿರಿಯರೊಬ್ಬರು ಓಡಿ ಬಂದು ಇವರ ಕೈ ಹಿಡಕೊಂಡು ಕೇಳಿದ್ರು:

"ಅಡಿಗಿಯವರು ನೀವೇ ಏನ್ರಿ? ಅನ್ನ ಆತೇನು? ಬೀಗರು ಊಟಕ್ಕ ಕುಂತಾರ!"

ಎಮ್ಮಿ ವ್ಯಾಪಾರಿ

ಅಲ್ಲಿಗೆ ತೀರ್ಮಾನ ಆತು. ಮಾತಂದ್ರ ಮಾತು, ನಾನೂ ಎದುರಾಡಲಿಲ್ಲ. ಆದ್ರ ಆ ವಾರ ನನಗ ಅನ್ನ ಸೇರಲಿಲ್ಲ. ದಿನಾ ಮುಂಜಾನೆ ಅದನ್ನ ಒರಸೋಮುಂದ ಮಗಳನ್ನ ಕೊಟ್ಟು ಕಳಿಸೋರಂಗ ಸಂಕಟ ಆಗ್ತಿತ್ತು. ಚಾಚಾನೂ ಬಂದು, ಸಡಿಲಾಗಿದ್ದ ಮುಂದಿನ ಬಂಪರ್‌ನ್ನ ತಂತಿಲೆ ಬಿಗಿದು, "ಹೋಗೋ ಗಾಡಿ, ನೀಟಾಗಿ ಹೋಗ್ಲಿ" ಅಂದು ಮುಖ ತಿರುವಿಕೊಂಡು ಹೋದ್ರು.

ಐತವಾರ ಗಿರಾಕಿ ಬಂದ. ಗುರುಗುಂಟಾದವ, ಎಮ್ಮಿ ವ್ಯಾಪಾರಿ. ಸಂತಿ ಸಂತಿ ಅಡ್ಡಾಡಾಕ ಅವನಿಗೊಂದು ಸಣ್ಣ ಕಾರು ಬೇಕಾಗಿತ್ತು. ಹೆಗಲಿಗೊಂದು ಟವೆಲ್ ಹಾಕ್ಕೊಂಡಿದ್ದ. ಬಂದವನೇ ಕಾರಿನ ಸುತ್ತ ಒಂದು ಸುತ್ತು ಹಾಕಿದ. ಡಿಕ್ಕಿ ಮ್ಯಾಲ ಪಟಪಟ ಬಡದ. ಮುಂದ ಬಂದು ಬಗ್ಗಿ ಎರಡೂ ಲೈಟಿನೊಳಗ ದಿಟ್ಟಿಸಿ ನೋಡಿದ. ಬಾನೆಟ್ ತೆಗೆಸಿ, ಹಲ್ಲು ನೋಡೋರಂಗ ಒಳಗ ಇಣುಕಿದ.

"ಎಷ್ಟನೇ ಸೂಲು?" ಅಂದ.

"ಏನಪ್ಪಾ?" ಅಂದ್ರು ಇವರು.

"ಅಂದ್ರ, ಎಷ್ಟು ಮನಿ ಕಂಡೈತ್ರಿ?"

"ನಮ್ಮದು ಎರಡನೇದು."

"ಹಂಗಾದ್ರ ಇನ್ನೂ ಪ್ರಾಯದ್ದೈತಿ. ಹಾಯಂಗಿಲ್ಲಲ್ಲ?"

ನನಗ ತಡಿಯಲಿಲ್ಲ. ಹೆಂಗರ ಮಾಡಿ ಅವನಿಗೆ ಬ್ಯಾಡಾಗಲಿ ಅಂತ ಎಲ್ಲಾ ಐಬು ಹೇಳಿದೆ. "ನೋಡಪ್ಪಾ, ಬ್ಯಾಸಿಗ್ಯಾಗ ಕುದೀತೈತಿ. ಮಳಿಗಾಲದಾಗ ಸೋರ್ತೈತಿ. ಚಳಿಗಾಲದಾಗ ಬಡಪಟ್ಟಿಗೆ ಏಳಂಗಿಲ್ಲ. ಕುಡಿಯೋದಂತೂ ಭಾಳ."

"ನಮ್ಮಪ್ಪನೂ ಹಂಗ ಅದಾನ್ರಿ ಅಕ್ಕಾರ" ಅಂದ. "ಮಾರೀವೇನ್ರಿ?"

ಆಮ್ಯಾಲೆ ಹೆಗಲ ಮ್ಯಾಲಿನ ಟವೆಲ್ ತೆಗೆದು, "ಕೈ ಕೊಡ್ರಿ ಸಾವ್ಕಾರ" ಅಂದ. ದನದ ಸಂತ್ಯಾಗ ಹಂಗೇ ಅಲ್ರಿ, ಟವೆಲ್ ಕೆಳಗ ಬೆರಳು ಹಿಡಿದು ರೇಟು ಹೇಳೋದು, ಬಾಯಿಲೆ ಹೇಳಂಗಿಲ್ಲ. ನಮ್ಮ ಮನಿಯವರಿಗೆ ಆ ವ್ಯವಹಾರ ಗೊತ್ತಿಲ್ಲ. ಅದರ ಮ್ಯಾಲ, ಅಂಗೈ ಮುಟ್ಟಿದ್ರ ಅವರಿಗೆ ಕಚಗುಳಿ. ಅವ ಬೆರಳು ಹಿಡಿದ ಕೂಡಲೇ ಇವರು ಕಿಸಕ್ಕಂತ ನಕ್ರು.

ವ್ಯಾಪಾರಿಗೆ ಅವಮಾನ ಆತು. "ಕಡಿಮಿ ಆತೇನ್ರಿ? ನಗಬ್ಯಾಡ್ರಿ" ಅಂದು ಇನ್ನೊಂದು ಬೆರಳು ಹಿಡಿದ. ಇವರು ಇನ್ನೂ ಜೋರಾಗಿ ನಕ್ರು. ಅವ ಮತ್ತ ಏರಿಸಿದ. ಇವರು ಹೊಟ್ಟಿ ಹಿಡಕೊಂಡು ಬಗ್ಗಿಬಿಟ್ರು. ಕಡೀಕ ಅವ ಬೆವರು ಒರಸಿಕೊಂಡು, "ನಿಮ್ಮಂಥ ಗಟ್ಟಿ ಮನಷ್ಯಾನ್ನ ನಾ ಯಾವ ಸಂತ್ಯಾಗೂ ಕಂಡಿಲ್ಲ ಸಾವ್ಕಾರ. ಆತು, ನಿಮ್ಮ ಮಾತೇ ನಡೀಲಿ" ಅಂದ. ಇವರು ಒಂದು ಮಾತೂ ಆಡಿರಲಿಲ್ಲ. ಆದ್ರೂ ವ್ಯಾಪಾರ ಕುದುರಿತು. ಚಾವಿ ತರಾಕ ಒಳಗ ಹೋದೆ, ಕಣ್ಣು ತುಂಬಿ ಬಂದು ಮೊಳಿ ಮ್ಯಾಲಿನ ಚಾವಿನೇ ಕಾಣವಲ್ದು.

ಹೊರಗ ಬರೋದ್ರೊಳಗ ಗದ್ದಲ ಎದ್ದಿತ್ತು. ಆಗಿದ್ದೇನಂದ್ರ, ವ್ಯಾಪಾರಿ ಗಾಳಿ ಐತೋ ಇಲ್ಲೋ ನೋಡಾಕ ಮುಂದಿನ ಚಕ್ರಕ್ಕ ಕಾಲಿಲೆ ಒದ್ದಿದ್ದ.

"ಏ! ಕಾಲು ತಗೀ!" ಅಂತ ನಮ್ಮ ಮನಿಯವರು ಗುಡುಗಿದ್ರು. ಅವರ ದನಿ ಅಷ್ಟು ಏರಿದ್ದು ನಾ ಎಂದೂ ಕೇಳಿರಲಿಲ್ಲ. "ವರ್ಷಾ ವರ್ಷಾ ಕಾಯಿ ಒಡೆದು ಕೈಮುಗಿಯೋ ಗಾಡಿ ಅದು. ಕಾಲಿಲೆ ಒದೀತಿ? ತಗೋ ನಿನ್ನ ಟವೆಲ್ಲು. ವ್ಯಾಪಾರ ಮುರೀತು, ನಡಿ!"

"ಅಯ್ಯ, ಗಾಳಿ ನೋಡೀನಿ ಸಾವ್ಕಾರ!"

"ಗಾಳಿ ನೋಡಾಕ ಕೈ ಇಲ್ಲೇನು? ಎಮ್ಮಿ ಕೊಳ್ಳೋಮುಂದ ಹಿಂಗ ಒದ್ದು ನೋಡ್ತೀಯೇನು?"

"ಎಮ್ಮಿಗೆ ಒದ್ರ ಅದು ತಿರುಗಿ ಒದೀತೈತ್ರಿ. ಇದೇನು ಒದೀತೈತಿ?" ಅಂತ ಅವ ನಕ್ಕೊಂತ ಇನ್ನೊಂದು ಒದ್ದ.

ಚಾಚಾ ಬಿಗಿದಿದ್ದ ತಂತಿ ಟಣ್ ಅಂತು. ಬಂಪರ್ ಕಳಚಿ ಸೀದಾ ಅವನ ಪಾದದ ಮ್ಯಾಲ ಬಿತ್ತು. "ಯಪ್ಪೋ!" ಅಂತ ಅವ ಕಾಲು ಹಿಡಕೊಂಡು ಅಲ್ಲೇ ನೆಲಕ್ಕ ಕುಂತ. ನಮ್ಮ ಮನಿಯವರು ದಡದಡ ಓಡಿ ಬಂದು ಅವನ ಮುಂದ ಮೊಳಕಾಲೂರಿದ್ರು. ಧೋತರದ ಚುಂಗಿಲೆ ಮೆತ್ತಗ ಧೂಳು ಒರಸಿದ್ರು. ಲಗ್ನಾದಾಗಿಂದ ನನಗ ಒಮ್ಮೆಯೂ ಕೇಳಿರದಷ್ಟು ಅಂತಃಕರಣಲೆ ಕೇಳಿದ್ರು:

"ಯವ್ವಾ, ಭಾಳ ಪೆಟ್ಟಾತೇನು?"

ವ್ಯಾಪಾರಿ ಕರಗಿಹೋದ. "ಇಲ್ಲ ಬಿಡ್ರಿ ಸಾವ್ಕಾರ, ಹೆಬ್ಬೆರಳಿಗೆ ಒಂದೀಟು ತಾಗೈತಿ ಅಷ್ಟ" ಅಂದ.

ನಮ್ಮ ಮನಿಯವರು ಬಂಪರ್‌ನ್ನ ಎರಡೂ ಕೈಲೆ ಎತ್ತಿ ತೊಡಿ ಮ್ಯಾಲ ಇಟ್ಕೊಂಡು, ಅವನ ಕಡೆ ತಿರುಗಿ ನೋಡಿದ್ರು.

"ನಿನಗ ಯಾರು ಕೇಳ್ಯಾರಲೇ?"